ಅಗಲ ಎಲೆಯ ನಿತ್ಯಹಸಿರು ಗಿಡ ಕಡು ಚಳಿಗಾಲ ದಾಟುತ್ತಾ? ಪರೀಕ್ಷೆ ಮಾಡೋದು ಹೇಗೆ?

ಹಸಿರುಹುಚ್ಚು:

ಎಲ್ಲರಿಗೂ ನಮಸ್ಕಾರ.

ನಮ್ಮ ತೋಟದ ಚಳಿಗಾಲ ತಮಾಷೆಯದ್ದಲ್ಲ. ವರ್ಷಕ್ಕೊಂದು ಸಲವಾದರೂ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಹಿಮ ಬೀಳುತ್ತದೆ, ಆದರೆ ನಿಲ್ಲುತ್ತದೆ ಅನ್ನುವ ಭರವಸೆ ಇಲ್ಲ. ಒಂದು ವಾರ ಮೊಣಕಾಲುದ್ದ, ಮುಂದಿನ ವಾರ ಬರೀ ನೆಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಿಟಕಿಯಾಚೆ ಕಾಣುವುದು ಬೋಳು ಕೊಂಬೆ, ಬಿಟ್ಟರೆ ಪೈನ್ ಮತ್ತು ಸ್ಪ್ರೂಸ್. ಪೈನ್ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಆ ಬೂದು ಬಣ್ಣದ ನಡುವೆ ಒಂದು ಅಗಲ ಎಲೆ, ಹೊಳಪು ಎಲೆ ಕಂಡರೆ ಸಾಕು ಅನಿಸುತ್ತದೆ.

ವಸಂತದಲ್ಲಿ ಒಂದಷ್ಟು ಗಿಡ ತಂದು ನೆಟ್ಟು ನೋಡೋಣ ಅಂತಿದ್ದೇನೆ. ಮನಸ್ಸಿನಲ್ಲಿರುವುದು ಎಲ್ಲ ನಿತ್ಯಹಸಿರು ಪೊದೆಗಳೇ: ನೀಲಿ ಹಾಲಿ (holly), ಬಾಕ್ಸ್‌ವುಡ್, ಚೆರ್ರಿ ಲಾರೆಲ್‌ನ ಷಿಪ್ಕಾ ತಳಿ, ಒಂದೆರಡು ರೋಡೊಡೆಂಡ್ರಾನ್, ಮಹೋನಿಯಾ. ಆಸೆಗೆ ಒಂದು ಕ್ಯಾಮೆಲಿಯಾ, ಚಳಿ ಅಷ್ಟಾಗಿ ತಾಳದ ಹೂಗಿಡ. ಕ್ಯಾಮೆಲಿಯಾ ಅಂದ ಕೂಡಲೇ ಇಲ್ಲಿ ಕೆಲವರಿಗೆ ನಗು ಬರುತ್ತದೆ ಅಂತ ಗೊತ್ತು. ನಗಿ, ಪರವಾಗಿಲ್ಲ.

ತೊಂದರೆ ಏನೆಂದರೆ, ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹಿಂದಿನ ಬೀದಿಯವರ ಹಾಲಿ ಮಹಡಿ ಎತ್ತರಕ್ಕೆ ಬೆಳೆದು ನಿಂತಿದೆ. ಅದೇ ತಳಿಯ ಹಾಲಿ ನಮ್ಮ ಎದುರು ಮನೆಯಲ್ಲಿ ಎರಡೇ ಚಳಿಗಾಲಕ್ಕೆ ಕಡ್ಡಿಯಾಯಿತು. ಚಳಿ ಎರಡೂ ಮನೆಗೂ ಒಂದೇ ಅಲ್ವಾ? ಹಾಗಾದರೆ ಯಾರ ಮಾತು ನಂಬಲಿ? ಅದಕ್ಕೇ ನಾನೇ ಪರೀಕ್ಷೆ ಮಾಡಬೇಕು ಅನಿಸಿತು. ಸುಮ್ನೆ ನೆಟ್ಟು, ಸತ್ತರೆ ಕಿತ್ತು ಹಾಕುವುದಲ್ಲ. ಮುಂದೆ ಒಂದು ಸಾಲು ಪೂರ್ತಿ ಬೇಲಿ ಮಾಡುವ ಮೊದಲು, ಇದು ಇಲ್ಲಿ ನಿಲ್ಲುತ್ತದೆ ಅಂತ ಧೈರ್ಯವಾಗಿ ಹೇಳುವಂತಿರಬೇಕು.

ಹಾಗೆ ಪರೀಕ್ಷೆ ಮಾಡುವುದು ಹೇಗೆ? ಎಷ್ಟು ಗಿಡ ಬೇಕು, ಎಲ್ಲಿ ನೆಡಬೇಕು, ಗೋಣಿ ಗೀಣಿ ಕಟ್ಟಬೇಕಾ ಬೇಡವಾ? ಸತ್ತಿದೆ ಅಂತ ಯಾವಾಗ ತೀರ್ಮಾನಿಸಬೇಕು? ಅನುಭವ ಇದ್ದವರು ಸ್ವಲ್ಪ ಬಿಡಿಸಿ ಹೇಳಿ.

---

ಚಳಿಪಿಳಿ:

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ? ಯಾವ ಊರಿನಲ್ಲಿ ಚಳಿ ಎಷ್ಟು ಕೆಳಗೆ ಇಳಿಯುತ್ತದೆ ಅಂತ ತೋರಿಸುವ ಅಮೆರಿಕದ ಕೃಷಿ ಇಲಾಖೆಯ ವಲಯಗಳ ನಕ್ಷೆ ಇದೆಯಲ್ಲ, ಈಗ ಬೇರೆ ದೇಶದವರೂ ಎಷ್ಟೋ ಜನ ಆ ಲೆಕ್ಕವನ್ನೇ ಬಳಸುತ್ತಾರೆ. ವಲಯ 6 ಅಂದರೆ ಮೈನಸ್ 23.3ರಿಂದ ಮೈನಸ್ 17.8. ನೀವು ಹೇಳುವ ಮೈನಸ್ 20 ಅಲ್ಲೇ ಕೂರುತ್ತದೆ. ಗಿಡದ ಲೇಬಲ್‌ನಲ್ಲಿ ವಲಯ 5 ಅಂತ ಇದ್ದರೆ ತನ್ನಿ, 7 ಅಂತ ಇದ್ದರೆ ಬಿಡಿ. ಒಂದು ವಲಯ ಹೆಚ್ಚು ಚಳಿಯದ್ದು ತಂದರೆ ನೆಮ್ಮದಿ.

ನನ್ನ ಬಾಕ್ಸ್‌ವುಡ್ ಹಾಗೇ ತಂದದ್ದು, ಚೆನ್ನಾಗಿದೆ. ಕ್ಯಾಮೆಲಿಯಾಗೆ ನಾನು ನಗಲಿಲ್ಲ, ಆದರೆ ದುಡ್ಡು ನಿಮ್ಮದು.

---

ಗುದ್ದಲಿ:

ಚಳಿಪಿಳಿಯವರೇ, ಆ ನಕ್ಷೆ ಒಳ್ಳೆಯದೇ, ನಾನೂ ನೋಡುತ್ತೇನೆ. ಆದರೆ ಅದು ಏನು ಹೇಳುತ್ತದೆ ಅಂತ ನೋಡಿ. ಪ್ರತಿ ವರ್ಷದ ಅತಿ ಕಡಿಮೆ ಉಷ್ಣತೆ ತೆಗೆದುಕೊಂಡು ಅದರ ಸರಾಸರಿ ಹಾಕಿರುತ್ತಾರೆ. 2023ರ ನಕ್ಷೆಯಲ್ಲಿ ಅದು 1991ರಿಂದ 2020ರವರೆಗಿನ 30 ವರ್ಷದ ಸರಾಸರಿ. ಸರಾಸರಿ ಅಂದಮೇಲೆ ಕೆಲವು ವರ್ಷ ಅದಕ್ಕಿಂತ ಕೆಳಗೆ ಹೋಗಿಯೇ ಹೋಗಿರುತ್ತದೆ. ಗಾಳಿ, ಬಿಸಿಲು, ಹಿಮದ ದಪ್ಪ, ಚಳಿ ಬಂದದ್ದು ನವೆಂಬರ್‌ನಲ್ಲೋ ಜನವರಿಯಲ್ಲೋ, ಇದ್ಯಾವುದೂ ಆ ಸಂಖ್ಯೆಯೊಳಗಿಲ್ಲ. ಎಲೆ ಉದುರಿಸುವ ಗಿಡಕ್ಕೆ ಅಷ್ಟರಲ್ಲೇ ಹೆಚ್ಚುಕಡಿಮೆ ಕೆಲಸ ನಡೆಯುತ್ತದೆ. ಚಳಿಗಾಲ ಪೂರ್ತಿ ಎಲೆ ಹೊತ್ತು ನಿಲ್ಲುವ ಗಿಡಕ್ಕೆ ನಡೆಯುವುದಿಲ್ಲ.

ಹಸಿರುಹುಚ್ಚು ಅವರೇ, ನಿಮ್ಮ ಎದುರು ಮನೆಯ ಹಾಲಿ ವಿಷಯ. ಚಳಿ ಎರಡೂ ಮನೆಗೆ ಒಂದೇ ಅಂದಿರಿ. ಒಂದೇ ಅಲ್ಲ. ಸತ್ತ ಹಾಲಿ ಇದ್ದದ್ದು ಎಲ್ಲಿ? ದಕ್ಷಿಣದ ಗೋಡೆಗೆ ಮುಖ ಮಾಡಿತ್ತಾ, ರಸ್ತೆ ಮೂಲೆಯ ಗಾಳಿಗಿತ್ತಾ, ಇಳಿಜಾರಿನ ತಗ್ಗಿನಲ್ಲಿತ್ತಾ? ತಣ್ಣನೆಯ ಗಾಳಿ ಭಾರ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ಅದು ಇಳಿದು ಬಂದು ತಗ್ಗಿನಲ್ಲಿ ನಿಲ್ಲುತ್ತದೆ. ಒಂದೇ ತೋಟದ ಮೇಲಿನ ತುದಿಗೂ ಕೆಳಗಿನ ತುದಿಗೂ ಕೆಲವು ಡಿಗ್ರಿ ವ್ಯತ್ಯಾಸ ಬರುವುದು ದೊಡ್ಡ ಮಾತಲ್ಲ. ನನ್ನ ಮಾತು ಇಷ್ಟೇ: ಈ ಗಿಡಗಳ ವಿಷಯದಲ್ಲಿ ನೀವು ಪರೀಕ್ಷೆ ಮಾಡುತ್ತಿರುವುದು ಗಿಡವನ್ನಷ್ಟೇ ಅಲ್ಲ, ಜಾಗವನ್ನು. ಒಂದೇ ಜಾಗದಲ್ಲಿ ಹತ್ತು ತಳಿ ನೆಡುವುದಕ್ಕಿಂತ ಒಂದೇ ತಳಿಯನ್ನು ಮೂರು ಜಾಗದಲ್ಲಿ ನೆಟ್ಟರೆ ಜಾಸ್ತಿ ಗೊತ್ತಾಗುತ್ತದೆ.

ಯಾಕೆ ಅಂತ ಹೇಳುತ್ತೇನೆ. ಅಗಲ ಎಲೆ ಚಳಿಗಾಲದಲ್ಲೂ ನೀರು ಬಿಡುತ್ತದೆ, ಬಿಸಿಲು ಗಾಳಿ ಇದ್ದರಂತೂ ಇನ್ನೂ ಹೆಚ್ಚು. ಕೆಳಗೆ ನೆಲ ಹೆಪ್ಪುಗಟ್ಟಿರುತ್ತದೆ, ಬೇರಿಗೆ ನೀರು ಎಳೆಯಲು ಆಗುವುದಿಲ್ಲ. ಬಾವಿ ಇದೆ, ಹಗ್ಗ ಇಲ್ಲ ಅನ್ನುವ ಪರಿಸ್ಥಿತಿ. ಎಲೆ ಒಣಗುತ್ತಾ ಹೋಗುತ್ತದೆ. ಇದರ ಜೊತೆ ಇನ್ನೊಂದಿದೆ. ಕೊರೆಯುವ ಚಳಿಯಲ್ಲಿ ಎಲೆಯ ಹಸಿರು ಬಿಸಿಲನ್ನು ಹೀರುತ್ತಲೇ ಇರುತ್ತದೆ, ಆದರೆ ಆ ಶಕ್ತಿ ಬಳಸಿ ಆಹಾರ ಮಾಡುವ ಕೆಲಸ ನಿಂತಿರುತ್ತದೆ. ಹೆಚ್ಚಾದ ಬೆಳಕು ಎಲೆಯನ್ನೇ ಸುಡುತ್ತದೆ. ಮೈನಸ್ 20 ಬಂದ ಜನವರಿ ರಾತ್ರಿ ಏನೂ ಆಗದ ಗಿಡ, ಫೆಬ್ರವರಿ ಕೊನೆಯ ಬಿಸಿಲಿಗೆ ಕಂದಾಗುವುದು ಇದಕ್ಕೇ.

ಇದನ್ನು ಕಣ್ಣಾರೆ ನೋಡಬೇಕಾದರೆ ಮಾರ್ಚ್‌ನಲ್ಲಿ ಬಿಸಿಲಿಗಿದ್ದ ಚೆರ್ರಿ ಲಾರೆಲ್ ಹತ್ತಿರ ಹೋಗಿ, ಸುಟ್ಟ ಎಲೆಯೊಂದನ್ನು ಹಿಡಿದು ನೋಡಿ. ಮೇಲೆ ಇನ್ನೊಂದು ಎಲೆ ಅಡ್ಡ ಬಂದ ಜಾಗ ಮಾತ್ರ ಹಸಿರಾಗಿರುತ್ತದೆ. ಅದೂ ಹೇಗೆ, ಆ ಮೇಲಿನ ಎಲೆಯ ಆಕಾರಕ್ಕೇ, ಅಂಚು ಸಮೇತ. ಪಕ್ಕದ ಅರ್ಧ ಒಣಗಿದ ಕಂದು, ಮುಟ್ಟಿದರೆ ಸದ್ದು ಮಾಡುತ್ತದೆ. ಒಂದೇ ಎಲೆ, ಒಂದೇ ರಾತ್ರಿಯ ಚಳಿ. ನೆರಳು ಬಿದ್ದಷ್ಟು ಉಳಿಯಿತು. ನನ್ನ ತೋಟದಲ್ಲಿ ಮೊದಲ ಸಲ ಇದನ್ನು ನೋಡಿದ ಮೇಲೆ ಲೇಬಲ್ ಓದುವುದು ಕಡಿಮೆ ಮಾಡಿ, ಚಳಿಗಾಲದ ಮಧ್ಯಾಹ್ನ ನೆರಳು ಎಲ್ಲಿ ಬೀಳುತ್ತದೆ ಅಂತ ನೋಡಲು ಶುರು ಮಾಡಿದೆ.

ಈಗ ಜಾಗ. ಒಂದು, ಮನೆಯ ಉತ್ತರ ಪಕ್ಕ. ಚಳಿಗಾಲದ ಸೂರ್ಯ ತಗ್ಗಿನಲ್ಲಿ ದಕ್ಷಿಣಕ್ಕೆ ಓಡಾಡುವುದರಿಂದ ಅಲ್ಲಿ ಪೂರ್ತಿ ನೆರಳು. ಜನ ಉತ್ತರ ಅಂದರೆ ಹೆದರುತ್ತಾರೆ, ಆದರೆ ಈ ಗಿಡಗಳಿಗೆ ಎಷ್ಟೋ ಸಲ ಅದೇ ಒಳ್ಳೆಯ ಜಾಗ. ಎರಡು, ಬಟಾಬಯಲು, ಗಾಳಿಯೂ ಬಿಸಿಲೂ ನೇರ ಬಡಿಯುವ ಕಡೆ. ಮೂರನೆಯದು ನಿಮಗೆ ನಿಜವಾಗಿ ಗಿಡ ಬೇಕಾಗಿರುವ ಜಾಗ, ಅದು ಎಲ್ಲೇ ಇರಲಿ. ಬೇಲಿ ಬೇಕಾಗಿರುವುದು ರಸ್ತೆ ಬದಿಗೆ ಅಂದರೆ ಅಲ್ಲೇ ನೆಡಿ. ದಕ್ಷಿಣದ ಬಿಳಿ ಗೋಡೆ ಬುಡ ಬೆಚ್ಚಗಿರುತ್ತದೆ ಅಂತ ಅಲ್ಲಿ ನೆಡುವವರಿದ್ದಾರೆ. ಹಗಲು ಕರಗಿಸಿ ರಾತ್ರಿ ಹೆಪ್ಪುಗಟ್ಟಿಸುವ ಜಾಗ ಅದು. ನೆಮ್ಮದಿಯಾಗಿ ಮಲಗಿರುವ ಗಿಡವನ್ನು ದಿನಾ ಎಬ್ಬಿಸಿದ ಹಾಗೆ ಆಗುತ್ತದೆ.

ಗಿಡಗಳು ಒಂದೇ ತಾಯಿಯ ಕಟಿಂಗ್‌ನಿಂದ ಬಂದಿರಲಿ, ಒಂದೇ ಗಾತ್ರ ಇರಲಿ. ಬೀಜದಿಂದ ಬಂದವು ಬೇಡ, ಒಂದೊಂದು ಒಂದೊಂದು ಥರ ಇರುತ್ತವೆ. ನೆಡುವುದು ವಸಂತದಲ್ಲಿ. ಚಳಿಗಾಲದ ಮೊದಲು ಬೇರು ಹೊರಗಿನ ಮಣ್ಣಿಗೆ ಇಳಿಯಬೇಕು. ಅಕ್ಟೋಬರ್ ಕೊನೆಗೆ ನೆಟ್ಟ ಗಿಡ ಸತ್ತರೆ ಅದು ಚಳಿಗೆ ಸತ್ತಿತೋ ಬೇರಿಲ್ಲದೆ ಸತ್ತಿತೋ ಹೇಳುವುದು ಕಷ್ಟ. ಬೇಸಿಗೆ ಕೊನೆಯಲ್ಲಿ ಗೊಬ್ಬರ ಬೇಡ, ಕತ್ತರಿಯೂ ಬೇಡ. ಎರಡರಿಂದಲೂ ಎಳೆ ಚಿಗುರು ಬರುತ್ತದೆ, ಆ ಚಿಗುರು ಮೊದಲ ಹೆಪ್ಪುಗಟ್ಟುವ ಚಳಿಗೇ ಹೋಗುತ್ತದೆ. ನೆಲ ಹೆಪ್ಪುಗಟ್ಟುವವರೆಗೂ ನೀರು ಮಾತ್ರ ತಪ್ಪಿಸಬೇಡಿ. ಮಲ್ಚ್ (ಬುಡದ ಮಣ್ಣಿನ ಮೇಲಿನ ಹೊದಿಕೆ) ಹಾಕುವುದಾದರೆ ಎಲ್ಲದಕ್ಕೂ ಒಂದೇ ದಪ್ಪ ಹಾಕಿ, ಕಾಂಡಕ್ಕೆ ತಾಗಿಸಬೇಡಿ.

ಗೋಣಿ ಕಟ್ಟಬೇಕಾ ಅಂದಿರಿ. ಕಟ್ಟಿದರೆ ಪರೀಕ್ಷೆ ಆಗುವುದು ಗೋಣಿಗೆ, ಗಿಡಕ್ಕಲ್ಲ. ಬೇಕಾದರೆ ಪ್ರತಿ ತಳಿಯಲ್ಲಿ ಒಂದಕ್ಕೆ ಕಟ್ಟಿ, ಉಳಿದವನ್ನು ಬಿಡಿ. ಆಗ ಹೋಲಿಸಿ ನೋಡಬಹುದು. ಎಲೆಗೆ ಹೊಡೆಯುವ ಮೇಣದಂಥ ದ್ರಾವಣಗಳೂ ಸಿಗುತ್ತವೆ, ಪೈನ್ ರಾಳದಿಂದ ಮಾಡಿದ್ದು. ಕೆಲವರಿಗೆ ಫಲ ಕೊಟ್ಟಿದೆ, ಕೆಲವರಿಗೆ ಇಲ್ಲ. ನಾನು ಬಳಸುವುದಿಲ್ಲ.

ಒಂದು ಕನಿಷ್ಠ–ಗರಿಷ್ಠ ಥರ್ಮಾಮೀಟರ್ ತಂದು ಎಲೆಗಳ ಎತ್ತರಕ್ಕೇ ಕಟ್ಟಿ, ಬಿಸಿಲು ಬೀಳದ ಹಾಗೆ. ಹವಾಮಾನ ಕೇಂದ್ರದ ಅಂಕಿ ಸುಮಾರು ತಲೆ ಎತ್ತರದ್ದು. ನಿಮ್ಮ ಗಿಡ ಇರುವುದು ಮೊಣಕಾಲೆತ್ತರ. ತಿಳಿಯಾದ ರಾತ್ರಿಯಲ್ಲಿ ನೆಲದ ಹತ್ತಿರ ಇನ್ನೂ ಚಳಿ ಇರುತ್ತದೆ. ನೋಟ್‌ಬುಕ್‌ನಲ್ಲಿ ಇಷ್ಟು ಬರೆಯಿರಿ: ಮೊದಲ ಸಲ ಗಟ್ಟಿಯಾಗಿ ಹೆಪ್ಪುಗಟ್ಟಿದ ದಿನ, ಅತಿ ಚಳಿಯ ರಾತ್ರಿ, ಆ ರಾತ್ರಿ ಹಿಮ ಎಷ್ಟು ದಪ್ಪ ಇತ್ತು, ನಡುವೆ ಬೆಚ್ಚಗಾದ ವಾರ ಯಾವುದು. ಹಿಮದ ದಪ್ಪ ಮರೆಯಬೇಡಿ. ಹೊಸ ಹಿಮದಲ್ಲಿ ಮುಕ್ಕಾಲಿಗಿಂತ ಹೆಚ್ಚು ಬರೀ ಗಾಳಿ. ಹಿಮದೊಳಗೆ ಮುಳುಗಿದ ಭಾಗಕ್ಕೆ ಮೇಲಿನ ಚಳಿಯೂ ತಾಗುವುದಿಲ್ಲ, ಬಿಸಿಲೂ ಇಲ್ಲ, ಗಾಳಿಯೂ ಇಲ್ಲ. ವಸಂತದಲ್ಲಿ ರೋಡೊಡೆಂಡ್ರಾನ್ ಪೊದೆಯಲ್ಲಿ ಗೆರೆ ಎಳೆದಂತೆ ಕಾಣುತ್ತದೆ, ಗೆರೆಯ ಮೇಲೆ ಕಂದು, ಕೆಳಗೆ ಹಸಿರು. ಪೂರ್ತಿ ಹಿಮದಡಿ ಇದ್ದ ಪುಟ್ಟ ಗಿಡ ಬದುಕಿತು ಅಂತ ಖುಷಿಪಡುವುದು ಬೇಡ. ಮೂರು ವರ್ಷ ಬಿಟ್ಟು ಅದು ಹಿಮದಿಂದ ತಲೆ ಹೊರಗೆ ಹಾಕಿದಾಗ ನಿಜವಾದ ಪರೀಕ್ಷೆ.

ತೀರ್ಮಾನ ಯಾವಾಗ? ಎಲ್ಲರೂ ಎಡವುವುದು ಇಲ್ಲೇ. ಏಪ್ರಿಲ್‌ನಲ್ಲಿ ಕಂದು ಎಲೆ ನೋಡಿ ಕಿತ್ತು ಹಾಕುತ್ತಾರೆ. ಎಲೆ ಸುಟ್ಟರೆ ಗಿಡ ಸತ್ತಿತು ಅಂತ ಅರ್ಥವಲ್ಲ. ಎಲೆ, ಕೊಂಬೆ, ಹೂಮೊಗ್ಗು ಮೂರಕ್ಕೂ ಬೇರೆ ಬೇರೆ ಅಂಕ ಕೊಡಿ. ಸೊನ್ನೆ ಅಂದರೆ ಏನೂ ಆಗಿಲ್ಲ, 5 ಅಂದರೆ ಪೂರ್ತಿ ಹೋಯಿತು. ಹೂಮೊಗ್ಗು ಎಲೆಮೊಗ್ಗಿಗಿಂತ ಸೂಕ್ಷ್ಮ. ರೋಡೊಡೆಂಡ್ರಾನ್ ಗಿಡ ಗಟ್ಟಿಮುಟ್ಟಾಗಿ ನಿಂತಿರುತ್ತದೆ, ಹೂ ಮಾತ್ರ ಒಂದೂ ಬರುವುದಿಲ್ಲ. ಏಪ್ರಿಲ್‌ನಲ್ಲಿ ಒಂದು ದಪ್ಪ ಮೊಗ್ಗನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿ. ಒಳಗಿನ ಪುಟ್ಟ ಹೂಗಳು ಹಸಿರಾಗಿದ್ದರೆ ಬದುಕಿವೆ, ಕಂದಾಗಿದ್ದರೆ ಹೋದವು. ಕೆಲವೊಮ್ಮೆ ಒಂದೇ ಮೊಗ್ಗಿನೊಳಗೆ ಅರ್ಧ ಹಸಿರು, ಅರ್ಧ ಕಂದು ಇರುತ್ತದೆ. ಅದನ್ನೂ ಬರೆದಿಡಿ.

ಕೊಂಬೆಗೆ ಉಗುರು ಸಾಕು. ತುದಿಯಿಂದ ಶುರು ಮಾಡಿ ತೊಗಟೆ ಕೆರೆಯುತ್ತಾ ಕೆಳಗೆ ಬನ್ನಿ. ಎಲ್ಲಿ ಹಸಿರು ಒದ್ದೆ ಪದರ ಸಿಗುತ್ತದೋ ಅಲ್ಲಿಂದ ಕೆಳಗೆ ಜೀವ ಇದೆ. ಆದರೂ ಕತ್ತರಿಸಬೇಡಿ, ಚಿಗುರು ಬರಲಿ. ಕೊನೆಯ ಅಂಕ ಕೊಡುವುದು ಜೂನ್ ಕೊನೆಗೆ. ಯಾಕಷ್ಟು ತಡ ಅಂದರೆ, ಎಳೆ ಗಿಡಗಳಲ್ಲಿ ಚಳಿಗೆ ಬುಡದ ತೊಗಟೆ ಸೀಳುವುದುಂಟು. ಅಂಥದ್ದು ವಸಂತದಲ್ಲಿ ಚೆನ್ನಾಗಿ ಚಿಗುರುತ್ತದೆ, ಎಲ್ಲ ಸರಿಯಾಯಿತು ಅನಿಸುತ್ತದೆ. ಮೊದಲ ಬಿಸಿ ವಾರಕ್ಕೆ ದಿಢೀರ್ ಅಂತ ಬಾಡಿ ಬೀಳುತ್ತದೆ.

ಇನ್ನು ಬಣ್ಣ. ಬಾಕ್ಸ್‌ವುಡ್ ಚಳಿಗಾಲದಲ್ಲಿ ಕಿತ್ತಳೆ ಮಿಶ್ರಿತ ಕಂದಿಗೆ ತಿರುಗುತ್ತದೆ, ಮಹೋನಿಯಾ ನೇರಳೆಯಾಗುತ್ತದೆ, ಪಿಜೆಎಂ ಅನ್ನುವ ರೋಡೊಡೆಂಡ್ರಾನ್ ತಳಿ ಕಡು ಚಾಕೊಲೇಟ್ ಬಣ್ಣಕ್ಕೆ ಹೋಗುತ್ತದೆ. ಇದು ಪೆಟ್ಟಲ್ಲ, ಎಲೆ ತನಗೆ ತಾನೇ ಹಾಕಿಕೊಳ್ಳುವ ಬಿಸಿಲು ಪರದೆ. ವಸಂತಕ್ಕೆ ಹಸಿರಾಗುತ್ತದೆ. ಇದಕ್ಕೆ ಅಂಕ ಕಳೆಯಬೇಡಿ. ರೋಡೊಡೆಂಡ್ರಾನ್ ಎಲೆ ಜೋತುಬಿದ್ದು ಪೆನ್ಸಿಲ್ ದಪ್ಪಕ್ಕೆ ಸುರುಳಿ ಸುತ್ತಿಕೊಂಡರೂ ಗಾಬರಿ ಬೇಡ. ಮೈನಸ್ 7, 8ರ ಹೊತ್ತಿಗೆ ಹಾಗೆ ಸುತ್ತಿಕೊಳ್ಳುತ್ತದೆ, ಬೆಚ್ಚಗಾದರೆ ಬಿಚ್ಚಿಕೊಳ್ಳುತ್ತದೆ.

ಕೊನೆಗೆ, ಮೆದು ಚಳಿಗಾಲ ಬಂದರೆ ಆ ವರ್ಷದ ಅಂಕಕ್ಕೆ ಬೆಲೆ ಇಲ್ಲ. ಎಲ್ಲವೂ ಪಾಸಾಗುತ್ತವೆ. ಕನಿಷ್ಠ ಒಂದು ಕೆಟ್ಟ ಚಳಿಗಾಲ ದಾಟುವವರೆಗೆ ಬೇಲಿಗೆ ಗಿಡ ಆರ್ಡರ್ ಮಾಡಬೇಡಿ.

---

ಬೇರುಬಳ್ಳಿ:

ಗುದ್ದಲಿ ಸರ್ ಹೇಳಿದ್ದರಲ್ಲಿ ಬಹುಪಾಲು ಒಪ್ಪುತ್ತೇನೆ. ನಾನು ಗಿಡಗಳ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳು, ಅಲ್ಲಿ ಈ ಪರೀಕ್ಷೆಗೆ ಚಳಿಗಾಲ ಕಾಯುವುದಿಲ್ಲ. ಎಲೆ ಅಥವಾ ಕಾಂಡದ ತುಂಡುಗಳನ್ನು ಫ್ರೀಜರ್‌ನಲ್ಲಿ ಗಂಟೆಗೆ ಎರಡು ಮೂರು ಡಿಗ್ರಿಯಂತೆ ನಿಧಾನವಾಗಿ ಇಳಿಸುತ್ತೇವೆ. ಒಂದೊಂದು ಹಂತದಲ್ಲಿ ಕೆಲವನ್ನು ಹೊರಗೆ ತೆಗೆದು, ತಣ್ಣಗೆ ಕರಗಿಸಿ, ಶುದ್ಧ ನೀರಿನಲ್ಲಿ ನೆನೆಹಾಕುತ್ತೇವೆ. ಜೀವಕೋಶದ ಪೊರೆ ಒಡೆದಿದ್ದರೆ ಒಳಗಿನ ಲವಣ ನೀರಿಗೆ ಸೋರುತ್ತದೆ, ನೀರಿನ ವಿದ್ಯುತ್ ವಾಹಕತೆ ಏರುತ್ತದೆ. ಆಮೇಲೆ ತುಂಡನ್ನು ಪೂರ್ತಿ ಕೊಂದು ಮತ್ತೆ ಅಳೆಯುತ್ತೇವೆ. ಎರಡನ್ನೂ ಹೋಲಿಸಿದರೆ ಅರ್ಧದಷ್ಟು ಹಾನಿಯಾಗುವ ಉಷ್ಣತೆ ಯಾವುದು ಅಂತ ಸಿಗುತ್ತದೆ.

ಇದನ್ನು ಓದಿ ಯಾರೂ ಮನೆ ಫ್ರೀಜರ್‌ಗೆ ಹಾಲಿ ಕೊಂಬೆ ತುರುಕಬೇಡಿ. ಅದು ನೇರ ಮೈನಸ್ 18. ತೋಟದಲ್ಲಿ ಚಳಿ ನಿಧಾನವಾಗಿ ಇಳಿದಾಗ ಐಸ್ ಮೊದಲು ಜೀವಕೋಶಗಳ ನಡುವಿನ ಸಂದಿಯಲ್ಲಿ ಆಗುತ್ತದೆ. ಕೋಶದ ಒಳಗಿನ ನೀರು ಮೆಲ್ಲಗೆ ಹೊರಗೆ ಬಂದು ಆ ಐಸ್‌ಗೆ ಸೇರುತ್ತದೆ. ಒಳಗೆ ಉಳಿಯುವುದು ಸಕ್ಕರೆ ಹೆಚ್ಚಿರುವ ಗಟ್ಟಿ ರಸ, ಅದು ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ. ದಿಢೀರ್ ಚಳಿಯಾದರೆ ಐಸ್ ಕೋಶದ ಒಳಗೇ ಆಗುತ್ತದೆ, ಅಲ್ಲಿಗೆ ಮುಗಿಯಿತು.

ಇಲ್ಲಿ ಗುದ್ದಲಿ ಸರ್ ಬಿಟ್ಟ ಒಂದು ವಿಷಯ ಸೇರಿಸುತ್ತೇನೆ. ಗಿಡದ ಚಳಿ ತಡೆಯುವ ಶಕ್ತಿ ವರ್ಷವಿಡೀ ಒಂದೇ ಇರುವುದಿಲ್ಲ. ಹಗಲು ಚಿಕ್ಕದಾಗುತ್ತಿದ್ದ ಹಾಗೆ ಬೆಳವಣಿಗೆ ನಿಂತು ಗಿಡ ಹದಗೊಳ್ಳಲು ಶುರುವಾಗುತ್ತದೆ. ಸೊನ್ನೆಯ ಆಚೀಚೆಯ ರಾತ್ರಿಗಳು ಬಂದ ಮೇಲೆ ಪೂರ್ತಿ ಗಟ್ಟಿಯಾಗುತ್ತದೆ. ಜನವರಿಯಲ್ಲಿ ಮೈನಸ್ 25 ತಾಳುವ ಅದೇ ಎಲೆ ಅಕ್ಟೋಬರ್‌ನಲ್ಲಿ ಮೈನಸ್ 8ಕ್ಕೆ ಹೋಗಬಹುದು. ನಡುಚಳಿಗಾಲದಲ್ಲಿ ಒಂದು ವಾರ ಬೆಚ್ಚಗಾದರೆ ಗಟ್ಟಿತನ ಇಳಿಯುತ್ತದೆ, ಏರಲು ತೆಗೆದುಕೊಂಡಿದ್ದಕ್ಕಿಂತ ಬೇಗ ಇಳಿಯುತ್ತದೆ. ಆಮೇಲೆ ಬರುವ ಸಾಧಾರಣ ಚಳಿಯೂ ಪೆಟ್ಟು ಕೊಡುತ್ತದೆ. ಆದ್ದರಿಂದ ನೋಟ್‌ಬುಕ್‌ನಲ್ಲಿ ಬರೀ ಅತಿ ಕಡಿಮೆ ಅಂಕಿ ಬರೆದರೆ ಸಾಲದು. ಬೆಚ್ಚಗಿನ ದಿನದಿಂದ ಚಳಿಗೆ ಎಷ್ಟು ಬೇಗ ಜಾರಿತು ಅನ್ನುವುದನ್ನೂ ಬರೆಯಿರಿ.

ಮೂಲ ಎಲ್ಲಿಯದು ಅಂತಲೂ ವಿಚಾರಿಸಿ. ಷಿಪ್ಕಾ ಲಾರೆಲ್ ಬಲ್ಗೇರಿಯಾದ ಷಿಪ್ಕಾ ಕಣಿವೆ ದಾರಿಯಿಂದ ಬಂದದ್ದು, ಉಳಿದ ಚೆರ್ರಿ ಲಾರೆಲ್‌ಗಳಿಗಿಂತ ಚಳಿ ತಾಳುವುದು ಅದಕ್ಕೇ. ಬಾಕ್ಸ್‌ವುಡ್‌ನಲ್ಲಿ ವರ್ದಾರ್ ವ್ಯಾಲಿ ಅನ್ನುವ ತಳಿ 1930ರ ದಶಕದಲ್ಲಿ ಎಡ್ಗರ್ ಆಂಡರ್ಸನ್ ಅನ್ನುವ ಸಸ್ಯವಿಜ್ಞಾನಿ ಬಾಲ್ಕನ್ ಪ್ರದೇಶದಿಂದ ತಂದದ್ದು. ಆದರೆ ಇದೇ ಪೂರ್ತಿ ಕಥೆಯಲ್ಲ. ಮ್ಯಾಗ್ನೋಲಿಯಾ ಗ್ರಾಂಡಿಫ್ಲೋರಾ ಅನ್ನುವ ನಿತ್ಯಹಸಿರು ಮರದಲ್ಲಿ ಚಳಿ ತಾಳುವುದಕ್ಕೆ ಹೆಸರಾದ ಈಡಿತ್ ಬೋಗ್ ತಳಿ ಫ್ಲೋರಿಡಾದಿಂದ ನ್ಯೂಜೆರ್ಸಿಗೆ ಹೋದ ಒಂದು ಮರ. ಬಿಸಿ ನಾಡಿನ ಮರ, ಚಳಿಯಲ್ಲಿ ನಿಂತೇಬಿಟ್ಟಿತು. ನೆಟ್ಟು ನೋಡದಿದ್ದರೆ ಇದು ಗೊತ್ತಾಗುತ್ತಿರಲಿಲ್ಲ.

---

ಹಸಿರುಹುಚ್ಚು:

ಅಬ್ಬಾ, ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಗುದ್ದಲಿ ಸರ್, ಬೇರುಬಳ್ಳಿ ಮೇಡಂ, ತುಂಬಾ ಥ್ಯಾಂಕ್ಸ್. ಎದುರು ಮನೆಯ ಹಾಲಿ ನೋಡಿಕೊಂಡು ಬಂದೆ. ಸರ್ ಹೇಳಿದ ಹಾಗೇ ಆಗಿದೆ. ದಕ್ಷಿಣಕ್ಕೆ ಮುಖ, ಪಕ್ಕದಲ್ಲೇ ಸಿಮೆಂಟ್ ಅಂಗಳ. ಹಿಂದಿನ ಬೀದಿಯದ್ದು ಎರಡು ಮನೆಗಳ ನಡುವೆ, ಇಡೀ ಚಳಿಗಾಲ ಬಿಸಿಲು ಕಾಣದ ಜಾಗ.

ಎರಡು ಪ್ರಶ್ನೆ ಉಳಿದಿವೆ. ಕೆಲವು ಗಿಡ ಈ ವರ್ಷ ಕುಂಡದಲ್ಲೇ ಇಟ್ಟು, ಬೇಕಾದ ಕಡೆ ಸರಿಸುತ್ತಾ ಪರೀಕ್ಷೆ ಮಾಡಬಹುದಾ? ಜಾಗ ಬದಲಿಸುವುದು ಸುಲಭ ಅಂತ. ಇನ್ನೊಂದು, ನನ್ನ ಪಟ್ಟಿಯಲ್ಲಿ ಯಾವುದರಿಂದ ಶುರು ಮಾಡಲಿ? ಎಲ್ಲವನ್ನೂ ಮೂರು ಮೂರು ತರಲು ಜಾಗ ಇಲ್ಲ.

---

ಗುದ್ದಲಿ:

ಕುಂಡ ಬೇಡ. ಬೇರು ಕೊಂಬೆಯಷ್ಟು ಗಟ್ಟಿ ಅಲ್ಲ. ನೆಲದೊಳಗೆ ಅಷ್ಟು ಚಳಿ ಇಳಿಯುವುದಿಲ್ಲವಾದ್ದರಿಂದ ಅದಕ್ಕೆ ಆ ಗಟ್ಟಿತನ ಬೇಕಾಗಿಯೂ ಇಲ್ಲ. ಕುಂಡದಲ್ಲಿ ಸುತ್ತಲಿಂದ ಚಳಿ ಹೊಡೆಯುತ್ತದೆ, ಮಣ್ಣು ಹೊರಗಿನ ಗಾಳಿಯಷ್ಟೇ ತಣ್ಣಗಾಗುತ್ತದೆ. ಹಾಲಿ, ಬಾಕ್ಸ್‌ವುಡ್ ಥರದವುಗಳ ಎಳೆ ಬೇರು ಮೈನಸ್ 5ರ ಆಸುಪಾಸಿಗೇ ಹೋಗಬಹುದು, ಮೇಲಿನ ಎಲೆ ಮೈನಸ್ 20 ತಾಳುವ ಗಿಡದಲ್ಲೂ. ವಿಚಿತ್ರ ಏನೆಂದರೆ ಎಲೆ ಬಹಳ ದಿನ ಹಸಿರಾಗೇ ಇರುತ್ತದೆ. ಏಪ್ರಿಲ್‌ನಲ್ಲಿ ಕುಂಡದಿಂದ ಕಳಚಿ ನೋಡಿದರೆ ಅಂಚಿನ ಬೇರು ಕಪ್ಪು, ಹಿಡಿದು ಎಳೆದರೆ ಸಿಪ್ಪೆ ಕೈಗೆ ಬರುತ್ತದೆ, ಒಳಗೆ ದಾರದಂಥ ನಾರು. ಕುಂಡ ಇಡಲೇಬೇಕಾದರೆ ಕುಂಡ ಸಮೇತ ನೆಲದಲ್ಲಿ ಅಂಚಿನವರೆಗೆ ಹೂಳಿ.

ಯಾವುದರಿಂದ ಶುರು ಅಂದರೆ, ನಾನಾದರೆ ಒಂದು ಗಟ್ಟಿ ಗಿಡ, ಎರಡು ಅನುಮಾನದ ಗಿಡ ಇಟ್ಟುಕೊಳ್ಳುತ್ತೇನೆ. ಗಟ್ಟಿಯದು ಪಿಜೆಎಂ ರೋಡೊಡೆಂಡ್ರಾನ್. ಅದರ ಒಬ್ಬ ಹೆತ್ತವರು ಸೈಬೀರಿಯಾ ಕಡೆಯ ರೋಡೊಡೆಂಡ್ರಾನ್ ಡೌರಿಕಂ, ಅದಕ್ಕೆ ನಿಮ್ಮ ಮೈನಸ್ 20 ಲೆಕ್ಕಕ್ಕಿಲ್ಲ. ಅದೇ ಬಟಾಬಯಲಿನಲ್ಲಿ ಸತ್ತರೆ ತೊಂದರೆ ಚಳಿಯಲ್ಲ, ಮಣ್ಣಿನ ನೀರು ಬಸಿಯುವುದರಲ್ಲೋ ಹುಳಿಯಲ್ಲೋ ಇನ್ನೇನೋ ಇದೆ ಅಂತ ಗೊತ್ತಾಗುತ್ತದೆ. ರೋಡೊಡೆಂಡ್ರಾನ್‌ಗೆ ಹುಳಿ ಮಣ್ಣು ಬೇಕು, ನೀರು ನಿಲ್ಲಬಾರದು. ಅನುಮಾನದವು ನೀಲಿ ಹಾಲಿ ಮತ್ತು ಷಿಪ್ಕಾ ಲಾರೆಲ್. ನೀಲಿ ಹಾಲಿ ಕ್ಯಾಥ್ಲೀನ್ ಮೆಸರ್ವ್ ಅನ್ನುವ ಮಹಿಳೆ 1950ರ ದಶಕದಲ್ಲಿ ಶುರು ಮಾಡಿದ ಕೆಲಸದಿಂದ ಬಂದದ್ದು. ಜಪಾನಿನ ಉತ್ತರದಲ್ಲಿ ನೆಲಕ್ಕೆ ಹತ್ತಿಕೊಂಡು ಬೆಳೆಯುವ ಒಂದು ಹಾಲಿಯನ್ನು ಯುರೋಪಿನ ಹೊಳಪು ಹಾಲಿಗೆ ಬೆರೆಸಿದರು. ಚಳಿ ತಾಳುತ್ತದೆ, ಬಿಸಿಲು–ಗಾಳಿಗೆ ಮಾತ್ರ ಸೋಲುತ್ತದೆ. ನಿಮ್ಮ ಎದುರು ಮನೆಯಲ್ಲಿ ಆದದ್ದು ಅದೇ. ಕೆಂಪು ಹಣ್ಣು ಬೇಕಾದರೆ ಹೆಣ್ಣು ಗಿಡದ ಹತ್ತಿರ ಒಂದು ಗಂಡು ಗಿಡವೂ ಇರಲಿ. ಗಂಡನ್ನು ಉತ್ತರದ ನೆರಳಿನಲ್ಲಿಟ್ಟರೂ ಸಾಕು, ಜೇನುನೊಣ ನೋಡಿಕೊಳ್ಳುತ್ತದೆ.

ಬಾಕ್ಸ್‌ವುಡ್ ಪರೀಕ್ಷೆಗೆ ಬೇಡ, ಅದರ ಬಗ್ಗೆ ಗೊತ್ತಿರುವುದೇ ಬೇಕಾದಷ್ಟಿದೆ. ಕೊರಿಯಾದ ಬಾಕ್ಸ್‌ವುಡ್ ರಕ್ತ ಇರುವ ಗ್ರೀನ್ ವೆಲ್ವೆಟ್, ಗ್ರೀನ್ ಮೌಂಟನ್ ತರಹದ್ದು ತಂದು ನೆಟ್ಟುಬಿಡಿ. ಮಹೋನಿಯಾ ಎಲೆ ಸುಟ್ಟುಕೊಂಡು ಅಂದಗೆಡುತ್ತದೆ, ಆದರೆ ಬುಡದಿಂದ ಮತ್ತೆ ಬರುತ್ತದೆ. ಅಂಥದ್ದನ್ನು ಬದುಕಿತು ಅನ್ನಬೇಕಾ ಬೇಡವಾ ಅನ್ನುವುದು ನಿಮಗೆ ಬಿಟ್ಟದ್ದು. ಚಳಿಗಾಲದಲ್ಲಿ ಹಸಿರು ನೋಡಲು ನೆಟ್ಟ ಗಿಡ ಚಳಿಗಾಲದಲ್ಲೇ ಕಂದಾಗಿದ್ದರೆ ನನ್ನ ಲೆಕ್ಕದಲ್ಲಿ ಅದು ಫೇಲು, ಜೂನ್‌ನಲ್ಲಿ ಎಷ್ಟೇ ಚೆನ್ನಾಗಿರಲಿ.

---

ಚಳಿಪಿಳಿ:

ಗುದ್ದಲಿ ಸರ್, ಈಗ ನನ್ನ ಬಾಕ್ಸ್‌ವುಡ್ ಮೇಲೂ ಅನುಮಾನ ಬಂತು. ಅದು ಗೋಡೆ ನೆರಳಲ್ಲೇ ಇದೆ! ಸರಿ, ಕ್ಯಾಮೆಲಿಯಾ ಬಗ್ಗೆ ನೀವು ಒಂದು ಮಾತೂ ಆಡಲಿಲ್ಲ. ಬೇಕಂತಲೇ ಬಿಟ್ಟಿರಾ?

---

ಗುದ್ದಲಿ:

ಬೇಕಂತಲೇ. ಕ್ಯಾಮೆಲಿಯಾ ಪಟ್ಟಿಯ ಉಳಿದವುಗಳ ಜೊತೆ ಸೇರುವುದಲ್ಲ. ಆದರೆ ನಗುವಂಥದ್ದೂ ಅಲ್ಲ. ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ದೊಡ್ಡ ಕ್ಯಾಮೆಲಿಯಾ ಸಂಗ್ರಹ ಇತ್ತು. 1970ರ ದಶಕದ ಕೊನೆಯಲ್ಲಿ ಒಂದರ ಹಿಂದೊಂದು ಕೆಟ್ಟ ಚಳಿಗಾಲ ಬಂದು ಬಹುಪಾಲು ಗಿಡ ಸತ್ತವು. ಏನೂ ಆಗದೆ ನಿಂತದ್ದರಲ್ಲಿ ಒಂದು ಚೀನಾದ ಎಣ್ಣೆ ಕ್ಯಾಮೆಲಿಯಾ, ಲು ಶಾನ್ ಸ್ನೋ ಅನ್ನುವ ತಳಿ. ಅಲ್ಲಿ ತಳಿ ಬೆರೆಸುವ ಕೆಲಸದಲ್ಲಿದ್ದ ವಿಲಿಯಂ ಆಕರ್‌ಮನ್ ಅದನ್ನೇ ಹಿಡಿದು ಬೇರೆ ಕ್ಯಾಮೆಲಿಯಾಗಳ ಜೊತೆ ಬೆರೆಸಿ, ಚಳಿ ತಾಳುವ ಸಾಲು ಸಾಲು ತಳಿ ಮಾಡಿದರು. ಯಾರೂ ಯೋಜನೆ ಹಾಕದ ಪರೀಕ್ಷೆ ಅದು, ಫಲಿತಾಂಶ ಇವತ್ತಿಗೂ ನರ್ಸರಿಗಳಲ್ಲಿ ಮಾರಾಟಕ್ಕಿದೆ.

ನಿಮ್ಮ ಮೈನಸ್ 20 ಆ ತಳಿಗಳಿಗೂ ಅಂಚಿನ ಮಾತು. ತರುವುದಾದರೆ ಆ ಸಾಲಿನದ್ದೇ ತನ್ನಿ, ಶರತ್ಕಾಲದಲ್ಲಿ ಹೂ ಬಿಡುವಂಥದ್ದು. ದೊಡ್ಡ ಚಳಿ ಬರುವ ಮೊದಲೇ ಅರಳಿ ಮುಗಿಸುತ್ತದೆ. ವಸಂತದಲ್ಲಿ ಹೂ ಬಿಡುವ ತಳಿಯಾದರೆ ಮೊಗ್ಗು ಇಡೀ ಚಳಿಗಾಲ ಹೊರಗೆ ಕಾಯಬೇಕು, ಅಲ್ಲೇ ಸೋಲುವುದು. ಹೆಪ್ಪುಗಟ್ಟಿದ ಎಲೆಗೆ ಬೆಳಗಿನ ಬಿಸಿಲು ತಾಗಬಾರದು, ಆದ್ದರಿಂದ ಪೂರ್ವ ಬೇಡ. ಉತ್ತರ ಅಥವಾ ವಾಯವ್ಯದ ಮೂಲೆ, ಗೋಡೆಯ ಮರೆ. ತರುವಾಗ ಆದಷ್ಟು ದೊಡ್ಡ ಗಿಡವನ್ನೇ ತನ್ನಿ, ಎಳೆಯದು ತಾಳುವುದಿಲ್ಲ. ನೆಡುವುದು ಏಪ್ರಿಲ್–ಮೇ, ಅದಕ್ಕಿಂತ ತಡ ಬೇಡ.

ಮೊದಲ ಎರಡು ಚಳಿಗಾಲ ಅದನ್ನು ಪರೀಕ್ಷೆಯ ಲೆಕ್ಕದಿಂದ ಹೊರಗಿಡಿ. ನಾಲ್ಕು ಗೂಟ ಹೊಡೆದು ಸುತ್ತ ಗೋಣಿ ಕಟ್ಟಿ, ಎಲೆಗೆ ತಾಗದ ಹಾಗೆ. ಅದಕ್ಕೆ ನಾನೇನೂ ಅನ್ನುವುದಿಲ್ಲ.